ಮಣ್ಣಿನ ಇಗರ್ಜಿಯೂ ಛಾಯಾಚಿತ್ರವೂ: ರಾಂಚೋಸ್ ಡಿ ಟಾವೊಸ್‌ನ ಒಂದು ವಿಚಾರ

ಒಂದು ಕಟ್ಟಡವನ್ನು ಕಣ್ಣಾರೆ ಕಾಣುವ ಮೊದಲೇ ಅದರ ಚಿತ್ರಗಳನ್ನು ಹಲವು ಬಾರಿ ಕಂಡಿದ್ದರೆ, ಅಲ್ಲಿಗೆ ಹೋಗಿ ನಾವು ನೋಡುವುದು ಕಟ್ಟಡವನ್ನೋ ಚಿತ್ರವನ್ನೋ ಎಂಬ ಸಂದೇಹ ಏಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೊದಲ್ಲಿ, ಟಾವೊಸ್ ಪಟ್ಟಣದ ದಕ್ಷಿಣಕ್ಕೆ ರಾಂಚೋಸ್ ಡಿ ಟಾವೊಸ್ ಎಂಬ ಊರಿದೆ. ಅಲ್ಲಿಯ ಅಸಿಸಿಯ ಸಂತ ಫ್ರಾನ್ಸಿಸರ ಇಗರ್ಜಿಯ ಮುಂದೆ ನಿಂತಾಗ ನಮಗಾದ ಅನುಭವ ಇಂಥದು. ಮುಂದೆ ಎಂದೆವು, ವಾಸ್ತವವಾಗಿ ನಾವು ಮೊದಲು ನಿಂತದ್ದು ಅದರ ಹಿಂದೆ. ಹೆದ್ದಾರಿಯಿಂದ ಬರುವವನಿಗೆ ಮೊದಲು ಎದುರಾಗುವುದು ಅದರ ಬೆನ್ನೇ. ಪ್ರಸಿದ್ಧ ಚಿತ್ರಗಳೆಲ್ಲ ನಮಗೆ ಕಲಿಸಿರುವುದೂ ಆ ಬೆನ್ನನ್ನೇ.

ಮೊದಲು ಹೆಸರಿನ ವಿಚಾರ. ಇದನ್ನು ಸ್ಪ್ಯಾನಿಷ್ ವಸಾಹತು ಕಾಲದ 'ಮಿಷನ್' ಇಗರ್ಜಿ ಎಂದು ಕರೆಯುವುದು ವಾಡಿಕೆ. ಆದರೆ ಮಿಷನ್ ಎಂಬುದು, ಕಟ್ಟುನಿಟ್ಟಾದ ಅರ್ಥದಲ್ಲಿ, ಮೂಲನಿವಾಸಿಗಳನ್ನು ಕ್ರೈಸ್ತಮತಕ್ಕೆ ತರಲು ಪಾದ್ರಿಗಳು ಹೂಡಿದ ನೆಲೆ. ಇದಾದರೋ ಅಲ್ಲಿ ನೆಲಸಿದ ಸ್ಪ್ಯಾನಿಷ್ ಒಕ್ಕಲಿಗರು ತಮ್ಮ ಆರಾಧನೆಗೆಂದು ಕಟ್ಟಿಕೊಂಡದ್ದು. ಸುಮಾರು 1815ರ ವೇಳೆಗೆ ಪೂರ್ಣಗೊಂಡಿತೆಂದು ಹೇಳುತ್ತಾರೆ. ಆಮೇಲೆ ಆ ಸೀಮೆ 1821ರಲ್ಲಿ ಮೆಕ್ಸಿಕೊ ದೇಶಕ್ಕೂ 1848ರಲ್ಲಿ ಅಮೆರಿಕಕ್ಕೂ ಸೇರಿತು. ಆಳುವವರು ಬದಲಾದರು, ಇಗರ್ಜಿಯ ಒಕ್ಕಲು ಬದಲಾಗಲಿಲ್ಲ. ಹೆಸರಿನ ಈ ಸಣ್ಣ ತಪ್ಪನ್ನು ಎತ್ತಿ ಹೇಳುವುದಕ್ಕೆ ಕಾರಣವಿದೆ: ಮಿಷನ್ ಎಂದೊಡನೆ ಗತಿಸಿದ ಕಾಲದ ಒಂದು ಅವಶೇಷ ನಮ್ಮ ಮನಸ್ಸಿಗೆ ಬರುತ್ತದೆ. ಇದು ಅವಶೇಷವಲ್ಲ, ಇಂದಿಗೂ ಪೂಜೆ ನಡೆಯುವ ಸ್ಥಳ.

ಇನ್ನು ಚಿತ್ರಗಳು. ಜಾರ್ಜಿಯಾ ಓಕೀಫ್ 1929 ಮತ್ತು 1930ರಲ್ಲಿ ಈ ಇಗರ್ಜಿಯ ವರ್ಣಚಿತ್ರಗಳನ್ನು ಬರೆದಳು. ಅದೇ ಸುಮಾರಿನಲ್ಲಿ ಆ್ಯನ್ಸೆಲ್ ಆ್ಯಡಮ್ಸ್ ಇದರ ಛಾಯಾಚಿತ್ರ ತೆಗೆದನು. ಪಾಲ್ ಸ್ಟ್ರ್ಯಾಂಡ್ 1930ರಿಂದ 1932ರ ವರೆಗಿನ ಬೇಸಗೆಗಳನ್ನು ನ್ಯೂ ಮೆಕ್ಸಿಕೊದಲ್ಲಿ ಕಳೆದು, ಮತ್ತೆ ಮತ್ತೆ ಇದರ ಬಳಿಗೆ ಬಂದನು. ಮೂವರ ಹೆಸರಾಂತ ಚಿತ್ರಗಳಲ್ಲಿಯೂ ಕಾಣುವುದು ಹಿಂಭಾಗ. ಕಿಟಕಿಯಿಲ್ಲ, ಬಾಗಿಲಿಲ್ಲ, ಶಿಲುಬೆ ಹೊತ್ತ ಗೋಪುರಗಳಿಲ್ಲ. ಇಳಿಜಾರಾದ ದಪ್ಪ ಆಸರೆಗೋಡೆಗಳು, ಅವುಗಳ ಮೇಲೆ ಬಿದ್ದ ಬೆಳಕು, ಹಿಂದೆ ಆಕಾಶ, ಇಷ್ಟೆ.

ಈ ಆಯ್ಕೆಯ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಮುಂಭಾಗವನ್ನು ತೋರಿಸಿದ್ದರೆ ನೋಡುವವನು 'ಇದೊಂದು ಇಗರ್ಜಿ' ಎಂದು ಗುರುತಿಸಿ ಮುಂದೆ ಸಾಗುತ್ತಿದ್ದನು. ಗುರುತಿನ ಚಿಹ್ನೆಗಳನ್ನೆಲ್ಲ ತೆಗೆದುಹಾಕಿದ್ದರಿಂದಲೇ ಅವನ ಕಣ್ಣು ಗೋಡೆಯ ಮೇಲೆ ನಿಲ್ಲುತ್ತದೆ. ಸ್ಟ್ರ್ಯಾಂಡನಲ್ಲಿ ಆಕಾಶವು ಕೇವಲ ಹಿನ್ನೆಲೆಯಲ್ಲ, ಗೋಡೆಗೆ ಸರಿಸಮನಾದ ತೂಕ. ಆ್ಯಡಮ್ಸನಲ್ಲಿ ಬೆಳಕು ಮಣ್ಣಿನ ಕಣಕಣವನ್ನೂ ಎಬ್ಬಿಸಿ ನಿಲ್ಲಿಸುತ್ತದೆ. ಒಂದು ಹಳ್ಳಿಯ ಮಣ್ಣುಗೋಡೆಗೆ ಮಹಾಶಿಲ್ಪದ ಗಾಂಭೀರ್ಯವಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟವರು ಇವರು.

ಆದರೂ ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಈ ಚಿತ್ರಗಳು ಗೋಡೆಯ ಬಗ್ಗೆ ಹೇಳುವುದು ನಿಜವೇ? ಅವುಗಳಲ್ಲಿ ಗೋಡೆ ಬೆಟ್ಟದಂತೆ ತಾನಾಗಿ ನಿಂತಿದೆ, ಎಂದಿಗೂ ಹಾಗೆಯೇ ನಿಲ್ಲುವಂತಿದೆ. ಆದರೆ ಅಡೋಬಿಯ ಗೋಡೆ ತಾನಾಗಿ ನಿಲ್ಲತಕ್ಕದ್ದಲ್ಲ. ಅದು ಮಣ್ಣು, ಮರಳು, ಹುಲ್ಲು ಕಲಸಿ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರವಾದ ಆ ಸೀಮೆಯಲ್ಲಿ ಚಳಿಗಾಲದ ಹಿಮವೂ ಬೇಸಗೆಯ ಮಳೆಯೂ ಅದರ ಮೈಯನ್ನು ಸವೆಸುತ್ತವೆ. ಆದಕಾರಣ ಧರ್ಮಕೇಂದ್ರದ ಜನ ವರ್ಷಂಪ್ರತಿ ಜೂನ್ ತಿಂಗಳಲ್ಲಿ ಕೂಡಿ ಮಣ್ಣು ಕಲಸಿ ಗೋಡೆಗೆ ಹೊಸ ಗಿಲಾವು ಹಚ್ಚುತ್ತಾರೆ. ಹಬ್ಬದ ಮುನ್ನ ಮನೆಯ ಗೋಡೆ ಸಾರಿಸುವುದನ್ನು ಕಂಡ ನಮ್ಮವರಿಗೆ ಈ ಕೆಲಸದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸರೆಗೋಡೆಗಳ ಅಂಚು ಅಷ್ಟು ಮೃದುವಾಗಿ ಕಾಣುವುದು ಒಬ್ಬ ಶಿಲ್ಪಿಯ ಕಲ್ಪನೆಯಿಂದಲ್ಲ. ಅನೇಕ ತಲೆಮಾರುಗಳ ಅಂಗೈ ಸವರಿದ್ದರಿಂದ.

1967ರಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ವರ್ಷವರ್ಷದ ಶ್ರಮ ತಪ್ಪಲೆಂದು ಆಗ ಗೋಡೆಗಳಿಗೆ ಗಟ್ಟಿಯಾದ ಸಿಮೆಂಟು ಗಿಲಾವು ಮಾಡಿದರು. ಮಣ್ಣಿನ ಗಿಲಾವು ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ, ಸಿಮೆಂಟು ಹಾಗಲ್ಲ. ಬಿರುಕುಗಳಿಂದ ಇಳಿದ ನೀರು ಹೊರಬರಲಾರದೆ ಒಳಗಿನ ಇಟ್ಟಿಗೆ ನೆನೆದು ಮೆತ್ತಗಾಯಿತು. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ, ಎಂದರೆ 1979ರಲ್ಲಿ, ಆ ಸಿಮೆಂಟನ್ನೆಲ್ಲ ಕಿತ್ತು ಹಳೆಯ ಮಣ್ಣಿಗೇ ಮರಳಬೇಕಾಯಿತು. ಇದರಲ್ಲಿ ವಿಮರ್ಶಕನಿಗೊಂದು ಪಾಠವಿದೆ. ಆ ವರ್ಷಗಳಲ್ಲಿ ಗೋಡೆ ಹೊರಗೆ ಎಂದಿಗಿಂತ ಭದ್ರವಾಗಿ ಕಂಡಿರಬೇಕು, ಒಳಗೆ ಕರಗುತ್ತಿತ್ತು. ಛಾಯಾಚಿತ್ರಕ್ಕೆ ದೊರೆಯುವುದು ಮೇಲ್ಮೈ ಮಾತ್ರ. ಮೇಲ್ಮೈಯೇ ಸತ್ಯವೆಂದು ನಂಬಿದ ವಿಮರ್ಶೆಯು ಬದುಕಿದ ಗೋಡೆಗೂ ಸಾಯುತ್ತಿರುವ ಗೋಡೆಗೂ ಇರುವ ಭೇದವನ್ನು ಅರಿಯಲಾರದು.

ಕಲೆಯೆಂದರೆ ಆಯ್ಕೆ, ಎಲ್ಲವನ್ನೂ ತೋರಿಸೆಂದು ಕಲಾವಿದನನ್ನು ಕೇಳುವುದು ನ್ಯಾಯವಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ದೋಷವನ್ನು ನಾವು ಆ ಕಲಾವಿದರ ಮೇಲೆ ಹೊರಿಸುತ್ತಿಲ್ಲ. ಅವರು ಆಯ್ದುಕೊಂಡ ಭಾಗವನ್ನೇ ಪೂರ್ಣವೆಂದು ತಿಳಿದ ನಮ್ಮಂಥ ನೋಡುಗರ ಮೇಲೆ ಹೊರಿಸುತ್ತಿದ್ದೇವೆ. ಟಾವೊಸ್ ಪ್ಯೂಬ್ಲೊಗೆ ಹೋದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೂಲನಿವಾಸಿಗಳ ಆ ಊರು ಪಟ್ಟಣದ ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿದೆ. ಅಲ್ಲಿಯ ಹಳೆಯ ಇಗರ್ಜಿಯಲ್ಲಿ 1847ರಲ್ಲಿ ಜನ ಆಶ್ರಯ ಪಡೆದಿದ್ದಾಗ ಅಮೆರಿಕದ ಸೈನ್ಯವು ಫಿರಂಗಿ ಹಾರಿಸಿ ಅದನ್ನು ಹಾಳುಮಾಡಿತು, ಬಹುಜನ ಮಡಿದರು. ಗಂಟೆಗೋಪುರದ ಅವಶೇಷ ಈಗಲೂ ಸಮಾಧಿಗಳ ನಡುವೆ ನಿಂತಿದೆ. ಅದೇ ಮಣ್ಣು, ಅದೇ ಬೆಳಕು. ಆದರೆ ಅಲ್ಲಿ ನಿಂತು ಬರಿಯ ರೂಪವನ್ನು ಸವಿದು ಬರಲು ಯಾರಿಗೂ ಮನಸ್ಸು ಒಪ್ಪಲಾರದು. ರಾಂಚೋಸ್‌ನ ಗೋಡೆಯ ಮುಂದೆ ಹಾಗೆ ಸವಿಯಲು ನಮಗೆ ಸಾಧ್ಯವಾದರೆ, ಅದಕ್ಕೆ ಗೋಡೆಯ ಕಥೆ ನಮಗೆ ತಿಳಿಯದಿರುವುದೇ ಕಾರಣ.

ನಮ್ಮ ಕ್ಯಾಮೆರಾದ ವಿಷಯವನ್ನೂ ಮುಚ್ಚಿಡಬಾರದು. ಆ ಮಧ್ಯಾಹ್ನ ನಾವು ಸ್ಟ್ರ್ಯಾಂಡನು ನಿಂತಿರಬಹುದಾದ ಜಾಗವನ್ನು ಹುಡುಕಿ, ನೆರಳು ಹೊರಳುವುದನ್ನೇ ಕಾದು, ಇಪ್ಪತ್ತಕ್ಕೂ ಹೆಚ್ಚು ಚಿತ್ರ ತೆಗೆದೆವು. ದಾರಿಹೋಕರು ಚೌಕಟ್ಟಿನೊಳಗೆ ಬಂದಾಗ ಅವರು ದಾಟಿ ಹೋಗಲೆಂದು ಕಾದೆವು. ಮನೆಗೆ ಬಂದು ನೋಡಿದರೆ ಅವೆಲ್ಲ ಪರರ ಕಣ್ಣಿನ ಬಡ ಪ್ರತಿಗಳು. ಅಂದು ಕೊನೆಗೆ ಸುತ್ತಿ ಬಂದು ಅಂಗಳವನ್ನು ಹೊಕ್ಕು, ಬಾಗಿಲ ಪಕ್ಕದ ಗೋಡೆಯನ್ನು ಹತ್ತಿರದಿಂದ ಕಂಡಿದ್ದೆವು: ಗಿಲಾವಿನಲ್ಲಿ ಹುಲ್ಲಿನ ಎಳೆಗಳು, ಅವುಗಳ ಮೇಲೆ ಅಂಗೈ ಎಳೆದ ಗೆರೆಗಳು. ಅಲ್ಲಿ ತೆಗೆದ ಒಂದೇ ಚಿತ್ರ ಸ್ವಲ್ಪ ಮಸುಕಾಗಿದೆ. ಆದರೂ ಉಳಿಸಿಕೊಳ್ಳತಕ್ಕದ್ದು ಅದೊಂದೇ ಎಂದು ನಮ್ಮ ಭಾವನೆ.

ಸ್ಟ್ರ್ಯಾಂಡ್, ಆ್ಯಡಮ್ಸ್, ಓಕೀಫ್ ಇವರ ಚಿತ್ರಗಳು ಇನ್ನು ಮುಂದೆಯೂ ನೋಡತಕ್ಕವು. ಆದರೆ ಅವುಗಳ ಪಕ್ಕದಲ್ಲಿ ಜೂನ್ ತಿಂಗಳ ಆ ಮಣ್ಣಿನ ಕೆಲಸವನ್ನೂ ಇರಿಸಿ ನೋಡಬೇಕು. ಮುಂದಿನ ಕಲಾವಿದನಿಗೆ ಗೋಡೆಯನ್ನು ಉಳಿಸಿಕೊಡುವುದು ಆ ಕೆಲಸವೇ.