ಯಾರ ಮನಸ್ಸು ಬದಲಾಗಬೇಕು?

ಅಮೆರಿಕದ ಮನೋವಿಜ್ಞಾನಿ ಕೆರೊಲ್ ಡ್ವೆಕ್ ಅವರ 'ಮೈಂಡ್‌ಸೆಟ್' 2006ರಲ್ಲಿ ಪ್ರಕಟವಾದ ಪುಸ್ತಕ. ಅದರ ವಾದ ಸರಳ. ಬುದ್ಧಿ ಎಂಬುದು ಹುಟ್ಟುವಾಗಲೇ ಅಳೆದು ಕೊಟ್ಟದ್ದು ಎಂದು ನಂಬಿದವರು ಸೋಲಿಗೆ ಹೆದರಿ ಕಷ್ಟದ ಕೆಲಸದಿಂದ ಜಾರಿಕೊಳ್ಳುತ್ತಾರೆ. ಕಲಿತಂತೆಲ್ಲ ಅದು ಬೆಳೆಯುತ್ತದೆ ಎಂದು ನಂಬಿದವರು ಸೋಲಿನಿಂದಲೂ ಕಲಿಯುತ್ತಾರೆ. "ಇವನ ತಲೆಗೆ ಗಣಿತ ಹತ್ತುವುದಿಲ್ಲ" ಎಂದು ಮಗುವಿನ ಎದುರಿಗೇ ತೀರ್ಪು ಕೊಟ್ಟು ಕೈತೊಳೆದುಕೊಳ್ಳುವ ನಮಗೆ ಬೇಕಾದ ಮಾತೇ ಇದು.

ಈ ವಾದಕ್ಕೆ ಬಲ ಕೊಟ್ಟದ್ದು ಕ್ಲಾಡಿಯಾ ಮ್ಯುಲ್ಲರ್ ಜೊತೆ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ. ಐದನೆಯ ತರಗತಿಯ ಮಕ್ಕಳಿಗೆ ಒಗಟಿನಂತಹ ಲೆಕ್ಕಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ "ನೀನು ಜಾಣ" ಎಂದರು, ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟೆ" ಎಂದರು. ನಂತರ ಕಠಿಣವಾದ ಲೆಕ್ಕ, ಎಲ್ಲರೂ ಎಡವಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ 'ಜಾಣ'ರು ಹಿಂದೆ ಬಿದ್ದರು, ಶ್ರಮದ ಮೆಚ್ಚುಗೆ ಪಡೆದವರು ಮುಂದೆ ಹೋದರು. ಅಂಕ ಎಷ್ಟು ಬಂತೆಂದು ಬೇರೆ ಶಾಲೆಯ ಮಕ್ಕಳಿಗೆ ಬರೆಯಲು ಹೇಳಿದರೆ 'ಜಾಣ'ರಲ್ಲಿ ನೂರಕ್ಕೆ ಸುಮಾರು 40 ಮಂದಿ ಹೆಚ್ಚಿಸಿ ಬರೆದಿದ್ದರು! ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಮಕ್ಕಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವ ಶಾಲೆಗಳವರು ಈ ಪುಟವನ್ನು ಎರಡು ಸಲ ಓದಬೇಕು.

ಆದರೆ ಪುಸ್ತಕದ ದೌರ್ಬಲ್ಯವೂ ಅದರ ಆರಂಭದಲ್ಲೇ ಇದೆ. ಆರನೆಯ ತರಗತಿಯ ತಮ್ಮ ಶಿಕ್ಷಕಿ ಮಕ್ಕಳನ್ನು ಬುದ್ಧ್ಯಂಕದ ಕ್ರಮದಲ್ಲಿ ಕೂರಿಸುತ್ತಿದ್ದರೆಂದು ಡ್ವೆಕ್ ನೆನೆಯುತ್ತಾರೆ. ಧ್ವಜ ಹಿಡಿಯುವುದಕ್ಕೂ ಮುಖ್ಯೋಪಾಧ್ಯಾಯರಿಗೆ ಚೀಟಿ ಒಯ್ಯುವುದಕ್ಕೂ ಹೆಚ್ಚು ಬುದ್ಧ್ಯಂಕದವರೇ ಆಗಬೇಕು. ಆ ನಂಬಿಕೆ ಹುಟ್ಟಿದ್ದು ಮಕ್ಕಳ ಮನಸ್ಸಿನಲ್ಲಲ್ಲ, ಬೆಂಚುಗಳ ಸಾಲಿನಲ್ಲಿ. ಲೇಖಕಿ ಅಲ್ಲಿ ನಿಲ್ಲದೆ ಟೆನಿಸ್ ಆಟಗಾರ ಮೆಕೆನ್ರೊ, ಬಾಸ್ಕೆಟ್‌ಬಾಲ್‌ನ ಜೋರ್ಡಾನ್, ಕಂಪೆನಿ ಮುಖ್ಯಸ್ಥರು ಎಂದು ಸಾಗಿಬಿಡುತ್ತಾರೆ. ಶಿಕ್ಷಕರ, ತಂದೆತಾಯಿಗಳ ಸರದಿ ಬರುವುದು ಏಳನೆಯ ಅಧ್ಯಾಯದಲ್ಲಿ. ಅಷ್ಟರೊಳಗೆ ಓದುಗನಿಗೆ, ಬದಲಾಗಬೇಕಾದವನು ತಾನೊಬ್ಬನೇ ಎಂಬ ಭಾವನೆ ಗಟ್ಟಿಯಾಗಿರುತ್ತದೆ.

ಈ ಪುಸ್ತಕಕ್ಕೂ ಎರಡು ವರ್ಷ ಮೊದಲು, 2004ರಲ್ಲಿ, ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ವಿಶ್ವಬ್ಯಾಂಕಿನ ಮೂಲಕ ಒಂದು ಅಧ್ಯಯನ ಪ್ರಕಟಿಸಿದ್ದರು. ಉತ್ತರ ಪ್ರದೇಶದ ಹಳ್ಳಿಗಳ ಮೇಲ್ಜಾತಿಯ 321, ದಲಿತ ಸಮುದಾಯದ 321 ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಬಿಡಿಸಿದ್ದಕ್ಕೆ ಹಣವೂ ಇತ್ತು. ಯಾರ ಜಾತಿ ಯಾವುದೆಂದು ಹೇಳದಿದ್ದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಸಮಸಮ. ಬೇರೆ ಗುಂಪುಗಳಲ್ಲಿ ಪ್ರತಿ ಹುಡುಗನ ಹೆಸರು, ಊರು, ತಂದೆ ಮತ್ತು ತಾತನ ಹೆಸರು, ಜಾತಿಗಳನ್ನು ಎಲ್ಲರೆದುರು ಓದಿದರು. ಅಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಬಹುಮಾನ ಚೀಟಿ ಎತ್ತಿ ನಿರ್ಧಾರವಾಗುವಂತೆ ಮಾಡಿದಾಗ ಆ ಅಂತರ ಮಾಯವಾಯಿತು. ಅಂದರೆ ಹುಡುಗರಿಗೆ ಅನುಮಾನ ಇದ್ದದ್ದು ತಮ್ಮ ಬುದ್ಧಿಯ ಮೇಲಲ್ಲ, ಎದುರಿಗಿದ್ದವರ ನ್ಯಾಯದ ಮೇಲೆ. ಅಂಥ ಹುಡುಗನಿಗೆ "ನಿನ್ನ ಮನೋಭಾವ ಬದಲಿಸಿಕೊ" ಎನ್ನುವುದು ಎಂಥ ಉಪದೇಶ?

ಡ್ವೆಕ್ ಈ ಪ್ರಶ್ನೆಗೆ ಕುರುಡಾಗಿ ಉಳಿಯಲಿಲ್ಲ. ಬರೀ ಶ್ರಮವನ್ನು ಹೊಗಳಿ, ಕಲಿಸದೆ ಬಿಡುವವರನ್ನು ಪರಿಷ್ಕೃತ ಆವೃತ್ತಿಯಲ್ಲಿ ಅವರೇ ಟೀಕಿಸಿದರು. 2019ರಲ್ಲಿ ಅವರೂ ಸೇರಿದ್ದ ತಂಡ ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿಯವರಿಗೆ ಒಂದು ಗಂಟೆಗೂ ಕಡಿಮೆ ಅವಧಿಯ ಪಾಠ ಕೊಟ್ಟು ನೋಡಿತು. ಕಡಿಮೆ ಅಂಕದವರ ಸರಾಸರಿ ಗ್ರೇಡ್ ಏರಿದ್ದು 0.1ರಷ್ಟು. ಏರಿಕೆ ಚಿಕ್ಕದು, ಆದರೆ ನಿಜವಾದದ್ದು. ಆ ಮಕ್ಕಳ ಗಣಿತದ ಅಂಕಗಳನ್ನೇ ಮತ್ತೆ ಪರಿಶೀಲಿಸಿದ 2022ರ ವರದಿ, ಬುದ್ಧಿ ಬೆಳೆಯುತ್ತದೆಂದು ಶಿಕ್ಷಕರೂ ನಂಬಿದ ತರಗತಿಗಳಲ್ಲಿ ಮಾತ್ರ ಲಾಭ ಕಂಡಿತು.

ಕೊಂಡವರು ಆರಂಭದ ಪುಟಗಳಾದ ಮೇಲೆ ನೇರ ಏಳನೆಯ ಅಧ್ಯಾಯಕ್ಕೆ ಹೋಗಲಿ. ಕಂಪೆನಿ ಮುಖ್ಯಸ್ಥರ ಕತೆಗಳನ್ನು ಬಿಟ್ಟರೆ ನಷ್ಟವೇನಿಲ್ಲ.