ಕೆರೆಗೆ ಮೀನನ್ನು ಆರಿಸುವ ನಿಯಮಗಳು: ಒಂದು ವಿಮರ್ಶೆ

ಕೊಳಗಳಲ್ಲಿಯೂ ಕೆರೆಗಳಲ್ಲಿಯೂ ಬಿತ್ತನೆ ಮಾಡತಕ್ಕ ಮೀನು ಯಾವ ಗುಣಗಳಿಂದ ಕೂಡಿರಬೇಕೆಂಬುದನ್ನು ನಮ್ಮ ಪಠ್ಯಗ್ರಂಥಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಹೇಳುತ್ತವೆ. ಅದು ಶೀಘ್ರವಾಗಿ ಬೆಳೆಯಬೇಕು; ಆಹಾರ ಸರಪಳಿಯ ಕೆಳಗಣ ಹಂತದಲ್ಲಿಯೇ ತನ್ನ ಆಹಾರವನ್ನು ಕಂಡುಕೊಳ್ಳಬೇಕು; ಇತರ ಮೀನುಗಳೊಡನೆ ಹೊಂದಿಕೊಂಡು ಬಾಳಬೇಕು; ರೋಗವನ್ನು ತಾಳಿಕೊಳ್ಳಬೇಕು; ಅದರ ಮರಿ ಸುಲಭವಾಗಿ ದೊರೆಯಬೇಕು; ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿರಬೇಕು. ಈ ಆರು ಲಕ್ಷಣಗಳನ್ನು ನಾವೂ ತರಗತಿಯಲ್ಲಿ ಬರೆಸಿದ್ದೇವೆ. ವಿದ್ಯಾರ್ಥಿಗಳು ಹಾಗೆಯೇ ಬರೆದು ಅಂಕ ಪಡೆದಿದ್ದಾರೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಪಟ್ಟಿ ಕೊಳವನ್ನು ಕಣ್ಣೆದುರಿಗಿಟ್ಟುಕೊಂಡು ರಚಿತವಾದುದು. ಅದನ್ನು ಕೆರೆಗೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಪಟ್ಟಿಗೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸುವುದು ನ್ಯಾಯ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನೂ, ರೋಹು ನಡುಪದರದಲ್ಲಿ ಹೆಚ್ಚಾಗಿ ಸಸ್ಯಪದಾರ್ಥವನ್ನೂ, ಮೃಗಾಲ ತಳದಲ್ಲಿ ಕೊಳೆತ ವಸ್ತುಗಳನ್ನೂ ತಿಂದು ಬೆಳೆಯುತ್ತವೆ. ಆದುದರಿಂದ ಮೂರನ್ನೂ ಒಟ್ಟಿಗೆ ಬಿಟ್ಟರೆ ಒಂದರ ತುತ್ತನ್ನು ಇನ್ನೊಂದು ಕಸಿಯುವುದು ಕಡಿಮೆ. ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲವಾಗಿ ಬಹುಕಾಲ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ಈ ತೊಡಕು ನೀಗಿತು. 1959ರಲ್ಲಿ ಜಪಾನಿನಿಂದ ಬೆಳ್ಳಿಗೆಂಡೆಯೂ ಹಾಂಗ್‌ಕಾಂಗಿನಿಂದ ಹುಲ್ಲುಗೆಂಡೆಯೂ ಬಂದವು. ಇವೆರಡನ್ನೂ ಸಾಮಾನ್ಯ ಗೆಂಡೆಯನ್ನೂ ನಮ್ಮ ಮೂರರೊಡನೆ ಸೇರಿಸಿ ಸಾಕುವ ಮಿಶ್ರ ಮೀನುಸಾಕಣೆಯನ್ನು 1971ರಲ್ಲಿ ಆರಂಭವಾದ ಅಖಿಲ ಭಾರತ ಸಂಶೋಧನಾ ಯೋಜನೆಯು ದೇಶದ ನಾನಾ ಕಡೆ ಪರೀಕ್ಷಿಸಿತು. ಕೊಳದ ಮಟ್ಟಿಗೆ ಇದು ದೊಡ್ಡ ಸಾಧನೆಯೆಂಬುದು ನಿರ್ವಿವಾದ.

ಆದರೆ ಕೊಳವೆಂದರೇನು? ಬೇಕಾದಾಗ ನೀರನ್ನು ಬತ್ತಿಸಬಹುದು. ಬೇಡದ ಮೀನನ್ನು ತೆಗೆದುಹಾಕಬಹುದು. ಮರಿಗಳನ್ನು ಎಣಿಸಿ ಬಿಟ್ಟು, ಬೆಳೆದ ಮೇಲೆ ಎಣಿಸಿ ಹಿಡಿಯಬಹುದು. ಆಯ್ಕೆ ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಕೆರೆ ಹಾಗಲ್ಲ. ನಮ್ಮ ಮೈದಾನ ಸೀಮೆಯ ಕೆರೆಗಳು ಬಹುಪಾಲು ಸರಣಿಯಾಗಿ ಕಟ್ಟಿದವು. ಮೇಲಣ ಕೆರೆ ಕೋಡಿ ಬಿದ್ದರೆ ನೀರು ಕೆಳಗಣ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹರಿಯುತ್ತದೆ. ನೀರು ಹೋದ ದಾರಿಯಲ್ಲಿ ಮೀನೂ ಹೋಗುತ್ತದೆ. ಒಂದು ಕೆರೆಗೆ ಮೀನನ್ನು ಆರಿಸುವವನು, ತಾನು ಅರಿಯದೆಯೇ, ಇಡೀ ಜಲಾನಯನ ಪ್ರದೇಶಕ್ಕೆ ಆರಿಸಿದಂತಾಗುತ್ತದೆ. ಮೇಲಿನ ಆರು ಲಕ್ಷಣಗಳಲ್ಲಿ ಈ ಸಂಗತಿಗೆ ಸ್ಥಾನವೇ ಇಲ್ಲ.

ಇದರ ಪರಿಣಾಮವನ್ನು ಜಿಲೇಬಿ ಮೀನಿನಲ್ಲಿ ಕಾಣಬಹುದು. ಆಫ್ರಿಕಾ ಮೂಲದ ಈ ತಿಲಾಪಿಯ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಕಂಡದ್ದನ್ನೆಲ್ಲ ತಿನ್ನುತ್ತದೆ, ಕೆಟ್ಟ ನೀರನ್ನೂ ತಾಳುತ್ತದೆ, ತಾಯಿಮೀನು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಸಂತತಿ ನಷ್ಟವಾಗುವುದೂ ಕಡಿಮೆ. ಪಟ್ಟಿಯ ಕಣ್ಣಿಗೆ ಇವೆಲ್ಲ ಗುಣಗಳೇ. ಕೆರೆಯಲ್ಲಿಯಾದರೋ ಇವೇ ದೋಷಗಳಾದುವು. ವರ್ಷಕ್ಕೆ ಹಲವು ಬಾರಿ ಮರಿಮಾಡಿ ಸಂಖ್ಯೆ ಮಿತಿಮೀರಿ, ಅಂಗೈಯಗಲಕ್ಕಿಂತ ದೊಡ್ಡದಾಗದ ಮೀನೇ ಬಲೆಯನ್ನು ತುಂಬತೊಡಗಿತು. ಮರಿ ಸುಲಭವಾಗಿ ದೊರೆಯಬೇಕೆಂಬ ಲಕ್ಷಣವು ಕೆರೆಯಲ್ಲಿ ಎಷ್ಟು ಅಪಾಯಕಾರಿಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ನಿಂತ ನೀರಿನಲ್ಲಿ ಸಂತಾನವೃದ್ಧಿ ಮಾಡದ ಮೀನನ್ನೇ ಬಿಟ್ಟರಾಯಿತಲ್ಲವೇ ಎಂದು ಕೇಳಬಹುದು. ಈ ವಾದಕ್ಕೆ ಬಲವುಂಟು. ಆದರೆ ಅದೂ ಪೂರ್ಣವಾಗಿ ನಂಬತಕ್ಕದ್ದಲ್ಲ. ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಕಟ್ಟಿದ ಅಣೆಕಟ್ಟಿನಿಂದಾದ ಗೋವಿಂದಸಾಗರ ಜಲಾಶಯಕ್ಕೆ 1971ರಲ್ಲಿ ಒಂದು ಸಾಕಣೆಕೇಂದ್ರದಿಂದ ಬೆಳ್ಳಿಗೆಂಡೆ ಆಕಸ್ಮಿಕವಾಗಿ ತಪ್ಪಿಸಿಕೊಂಡು ಸೇರಿತು. ಕೊಳದಲ್ಲಿ ಚುಚ್ಚುಮದ್ದಿಲ್ಲದೆ ಮೊಟ್ಟೆಯಿಡದ ಆ ಮೀನು, ತಂಪಾದ ನದೀನೀರು ಬಂದು ಕೂಡುವ ಆ ಜಲಾಶಯದಲ್ಲಿ ತಾನಾಗಿ ವಂಶವನ್ನು ಬೆಳೆಸಿ, ಕೆಲವೇ ವರ್ಷಗಳಲ್ಲಿ ಹಿಡುವಳಿಯ ಬಹುಭಾಗವಾಯಿತು. ಕಾಟ್ಲಾ ಹಿಂದೆ ಬಿದ್ದಿತು. ಕೊಳದ ಅನುಭವವು ವಿಶಾಲವಾದ ನೀರಿಗೆ ಸಾಕ್ಷಿಯಾಗಲಾರದು.

ಇನ್ನು ಕೆಲವರು ‘ದೇಶೀಯ ಮೀನನ್ನೇ ಬಿಡೋಣ’ ಎಂದು ಪರಿಹಾರ ಹೇಳುತ್ತಾರೆ. ಸದುದ್ದೇಶದ ಮಾತು, ಆದರೆ ಮೀನಿಗೆ ದೇಶವೆಂದರೆ ಭೂಪಟದ ಗೆರೆಯಲ್ಲ, ನದಿ. ಕಾಟ್ಲಾ, ರೋಹು, ಮೃಗಾಲಗಳು ಭಾರತದವೇ ಆದರೂ ಕಾವೇರಿಗೆ ಉತ್ತರದಿಂದ ಬಂದ ಅತಿಥಿಗಳು. ಕಾವೇರಿಯ ಮಹಶೀರ್ ಮೀನಿನ ಕಥೆ ಇದಕ್ಕಿಂತ ಕಠೋರವಾದುದು. ಮಹಶೀರ್ ಕ್ಷೀಣಿಸುತ್ತಿದೆಯೆಂದು ಅದನ್ನು ಉಳಿಸುವ ಹಂಬಲದಿಂದಲೇ, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅದೂ ಮಹಶೀರೇ, ದಕ್ಷಿಣದ್ದೇ. ಆದರೆ ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ಬೇರೊಂದು ಜಾತಿ. ಗಾಳ ಹಾಕುವವರು 1998ರಿಂದ 2012ರ ವರೆಗೆ ಬರೆದಿಟ್ಟ ಲೆಕ್ಕಗಳನ್ನು ಪರಿಶೀಲಿಸಿದಾಗ, ಹೊಸದು ಹೆಚ್ಚುತ್ತ ಹಳೆಯದು ಅಪರೂಪವಾದುದು ಕಂಡುಬಂದಿತು. ಗೂನುಬೆನ್ನಿನ ಮೀನು ‘ಟಾರ್ ರೆಮಾದೇವಿಯೈ’ ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜಾತಿಗಳ ಪಟ್ಟಿಗೂ ಸೇರಿತು. ಹೆಸರನ್ನು ತಿಳಿಯುವ ಮೊದಲೇ ಅದರ ಮನೆಗೆ ಇನ್ನೊಬ್ಬರನ್ನು ಕರೆತಂದದ್ದಾಯಿತು.

ನಮ್ಮ ವಿಮರ್ಶೆಗೆ ಒಂದು ಬಲವಾದ ಆಕ್ಷೇಪಣೆಯುಂಟು. ಜನಕ್ಕೆ ಆಹಾರ ಬೇಕು. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರನಿಗೆ ವರ್ಷದೊಳಗೆ ಹಣ ಹುಟ್ಟಬೇಕು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಬೇಸಿಗೆಯಲ್ಲಿ ಪೂರ್ಣವಾಗಿ ಬತ್ತುವ, ಕೋಡಿ ಬೀಳುವುದೇ ಅಪರೂಪವಾದ ಕೆರೆಯು ವಾಸ್ತವವಾಗಿ ಕೊಳವೇ. ಅಲ್ಲಿ ಹಳೆಯ ಪಟ್ಟಿ ಸಾಕು. ಆದರೆ ವರ್ಷವಿಡೀ ನೀರು ನಿಲ್ಲುವ, ಹೊಳೆಗೆ ದಾರಿಯುಳ್ಳ ಕೆರೆಗಳಲ್ಲಿ ಇಳುವರಿಯೊಂದೇ ಮಾನದಂಡವಾಗಬಾರದು. ಜಲಸಸ್ಯಗಳನ್ನು ತಿನ್ನುವ ಮೀನು ಬೇಕೆಂದು ನಾವು ಹುಲ್ಲುಗೆಂಡೆಯನ್ನು ತರಿಸಿಕೊಂಡೆವು. ನಮ್ಮ ಹೊಳೆಗಳ ‘ಹಿಪ್ಸೆಲೊಬಾರ್ಬಸ್ ಪುಲ್ಚೆಲಸ್’ ಎಂಬ ಗೆಂಡೆಯೂ ಜಲಸಸ್ಯಗಳನ್ನೇ ತಿನ್ನುತ್ತದೆ. ಬೆಳವಣಿಗೆಯಲ್ಲಿ ಅದು ಹುಲ್ಲುಗೆಂಡೆಗೆ ಸಮವಲ್ಲದಿರಬಹುದು. ಆದರೆ ಕೋಡಿ ದಾಟಿ ಹೋದರೆ ಅದು ಸೇರುವುದು ತನ್ನ ಮನೆಯನ್ನೇ. ಈ ಗುಣಕ್ಕೆ ನಮ್ಮ ಪಟ್ಟಿಯಲ್ಲಿ ಅಂಕವಿಲ್ಲ; ಇತ್ತ ಆ ಮೀನೇ ವಿನಾಶದ ಅಂಚಿಗೆ ಬಂದು ನಿಂತಿದೆ.

ಆದುದರಿಂದ ಆರು ಲಕ್ಷಣಗಳನ್ನು ಬೋಧಿಸುವ ಮೊದಲು ಮೂರು ಪ್ರಶ್ನೆಗಳನ್ನು ಬೋಧಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ನೀರು ಬತ್ತುತ್ತದೆಯೇ? ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ? ಅಲ್ಲಿ ಈಗಾಗಲೇ ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಲ್ಲ. ಕಾಲೇಜಿನ ಸಮೀಪದ ಕೆರೆಯಲ್ಲಿ ಬಲೆ ಎಳೆಯುವವರ ಪಕ್ಕದಲ್ಲಿ ನಿಂತು, ಸಿಕ್ಕಿದ ಮೀನುಗಳನ್ನು ಜಾತಿವಾರು ಬರೆದಿಡುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಬಿತ್ತನೆಗೆ ಮುಂಚೆ ಅಂಥದೊಂದು ಪಟ್ಟಿ ಪ್ರತಿಯೊಂದು ಕೆರೆಗೂ ಸಿದ್ಧವಾದರೆ, ಕಾವೇರಿಯಲ್ಲಿ ಆದ ತಪ್ಪು ಇನ್ನೊಂದು ಕಡೆ ಮರುಕಳಿಸದಂತೆ ತಡೆಯಬಹುದು.