‘ಹಂಸಗೀತೆ’: ಹಾಡಲೊಲ್ಲದ ಗಾಯಕ, ಹಾಡಿಸುವ ನಾವು

ಸಂಗೀತವನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳು ನಮ್ಮಲ್ಲಿ ಹಲವು ಬಂದಿವೆ. ಸಂಗೀತ ಯಾರಿಗಾಗಿ ಎಂದು ಕೇಳಿದವು ವಿರಳ. ಜಿ. ವಿ. ಅಯ್ಯರ್ ಅವರು 1975ರಲ್ಲಿ ನಿರ್ದೇಶಿಸಿದ ‘ಹಂಸಗೀತೆ’ ಅಂಥ ವಿರಳ ಕೃತಿ. ಇದಕ್ಕೆ ಆಧಾರ ತ.ರಾ.ಸು. ಅವರ ಅದೇ ಹೆಸರಿನ ಕಾದಂಬರಿ.

ಕಥಾನಾಯಕನು ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ. ಅನಂತನಾಗ್ ಅವರು ಆ ಪಾತ್ರವನ್ನು ನಿರ್ವಹಿಸಿದ್ದಾರೆ. ವಿದ್ಯೆಯ ಜೊತೆಗೇ ಬೆಳೆದ ಗರ್ವ ಕರಗಿದ ಮೇಲೆಯೇ ಅವನಿಗೆ ನಾದ ಒಲಿಯುತ್ತದೆ. ಕೊನೆಗೆ, ದುರ್ಗವನ್ನು ಗೆದ್ದ ಪ್ರಭುವಿನ ಅಪ್ಪಣೆಯಂತೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇದೇ ಕಾದಂಬರಿಯಿಂದ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ರೂಪುಗೊಂಡಿತ್ತು. ಅಲ್ಲಿ ನೆನಪಿನಲ್ಲಿ ಉಳಿಯುವುದು ಭೀಮಸೇನ ಜೋಶಿ, ಮನ್ನಾ ಡೇ ಇವರ ಕಂಠಗಳ ಸ್ಪರ್ಧೆ. ಇಲ್ಲಿ ಉಳಿಯುವುದು ಮೌನ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಅಯ್ಯರ್ ಅವರು ಅಬ್ಬರವನ್ನು ಬದಿಗಿರಿಸಿ, ಬಾಲಮುರಳಿಕೃಷ್ಣ ಮತ್ತು ಬಿ. ವಿ. ಕಾರಂತರ ಸಂಗೀತಕ್ಕೆ ಎಡೆಮಾಡಿಕೊಟ್ಟದ್ದು ಅವರ ಹಿರಿಮೆ. ಈ ಚಿತ್ರದ ಗಾಯನಕ್ಕಾಗಿ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು.

ಆದರೂ ನನ್ನದೊಂದು ಆಕ್ಷೇಪವಿದೆ. ಗಾಯಕನ ತ್ಯಾಗವನ್ನು ಚಿತ್ರವು ಎಷ್ಟು ಎತ್ತರಕ್ಕೆ ಒಯ್ಯುತ್ತದೆಯೆಂದರೆ, ಆ ಹಾಡನ್ನು ಕಳೆದುಕೊಂಡ ಸಾಮಾನ್ಯ ಕೇಳುಗನ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆ ನಷ್ಟ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ.

ರಾಜಾಜಿಯವರ ಹುಟ್ಟೂರಾದ ನಮ್ಮ ತೊರಪಲ್ಲಿ ಅಗ್ರಹಾರದಲ್ಲಿ ಒಂದು ವರ್ಷ ರಾಮನವಮಿಗೆ ದೇವರನಾಮಗಳ ಕಚೇರಿಯನ್ನು ಏರ್ಪಡಿಸಿದ್ದೆವು. ಟಿಕೆಟ್ಟಿಲ್ಲ, ಹಾರತುರಾಯಿಯಿಲ್ಲ, ಭಾಷಣವಿಲ್ಲ ಎಂಬುದು ನಮ್ಮ ಸಂಕಲ್ಪ. ಚಪ್ಪರದ ಖರ್ಚು ವಹಿಸಿದ್ದ ದಾನಿಗಳೊಬ್ಬರು ಕಚೇರಿಯ ನಡುವೆ ಬಂದರು. ಹಾಡುತ್ತಿದ್ದ ತರುಣಿಗೆ ನಿಲ್ಲಿಸುವಂತೆ ಕೈಸನ್ನೆ ಮಾಡಿದವನು ನಾನೇ. ಶಾಲು ಹೊದಿಸಿದ್ದಾಯಿತು, ನಾಲ್ಕು ಮಾತೂ ಆಯಿತು. ಆಕೆ ಪಲ್ಲವಿಯನ್ನು ಮತ್ತೆ ಎತ್ತಿಕೊಳ್ಳುವ ಹೊತ್ತಿಗೆ, ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಅಜ್ಜಿಯೊಬ್ಬರು ಎದ್ದು ಹೋಗಿದ್ದರು. ಮನೆಯಲ್ಲಿ ಮೊಮ್ಮಕ್ಕಳ ಬಾಯಲ್ಲಿ ಕನ್ನಡ ಕೇಳದ ಆಕೆ, ಆ ಒಂದು ಸಂಜೆಗಾಗಿ ಬಂದಿದ್ದವರು.

ಅಯ್ಯರ್ ಅವರ ಗಾಯಕ ತನ್ನ ನಾಲಗೆಯನ್ನು ಕತ್ತರಿಸಿಕೊಂಡ. ನಾನು ಹಾಡನ್ನೇ ಕತ್ತರಿಸಿದೆ. ಪ್ರಭುವಿಗೆ ಇಲ್ಲವೆನ್ನಬೇಕಾದವನು ಗಾಯಕನೊಬ್ಬನೇ ಎಂದು ‘ಹಂಸಗೀತೆ’ ನಮ್ಮನ್ನು ನಂಬಿಸುತ್ತದೆ. ಗಡಿನಾಡಿನಲ್ಲಿ ಕನ್ನಡದ ವೇದಿಕೆ ಕಟ್ಟುವ ನಮ್ಮಂಥ ಸಂಘಟಕರಿಗೆ ಆ ಹೊಣೆ ಅವನಿಗಿಂತ ಮೊದಲು ಬರುತ್ತದೆ. ಗಾಯಕ ಇಲ್ಲವೆನ್ನುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.